ಸುಟ್ಟ ಮಡಿಯಿಂದ ಪ್ಲಾಸ್ಟಿಕ್ ಮನೆಯವರೆಗೆ

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೊರಟರೆ ಭತ್ತದ ಗದ್ದೆ, ಕಬ್ಬು, ಗೆಣಸಿನ ಹೊಲಗಳ ನಡುವೆ ಅಲ್ಲಲ್ಲಿ ಬೆಳ್ಳಗೆ ಹೊಳೆಯುವ ಪ್ಲಾಸ್ಟಿಕ್ ಮನೆಗಳು ಕಣ್ಣಿಗೆ ಬೀಳುತ್ತವೆ. ಕಬ್ಬಿಣದ ಕೊಳವೆಗಳ ಕಮಾನು, ಅದರ ಮೇಲೆ ಬಿಗಿದ ಹಾಳೆ, ಒಳಗೆ ದೊಣ್ಣಮೆಣಸಿನಕಾಯಿ, ಸೌತೆ ಅಥವಾ ಹೂವಿನ ಗಿಡ. ರೈತರು ಇವನ್ನು ಪಾಲಿಹೌಸ್ ಎನ್ನುತ್ತಾರೆ, ಪುಸ್ತಕದವರು ಹಸಿರುಮನೆ ಎನ್ನುತ್ತಾರೆ. ಬಸ್ಸಿನ ಕಿಟಕಿಯಿಂದ ಇವನ್ನು ನೋಡಿದವರು ಒಂದು ಪ್ರಶ್ನೆ ಕೇಳುವುದುಂಟು. ಹಿಮ ಬೀಳುವ ದೇಶದವರು ಗಿಡಗಳನ್ನು ಬೆಚ್ಚಗಿಡಲು ಕಂಡುಕೊಂಡ ಉಪಾಯವಲ್ಲವೇ ಇದು? ವರ್ಷದ ಎಂಟು ತಿಂಗಳು ಬಿಸಿಲು ಕಾಯುವ ನಮ್ಮ ನಾಡಿನಲ್ಲಿ ಗಿಡಕ್ಕೆ ಇನ್ನಷ್ಟು ಕಾವು ಯಾತಕ್ಕೆ?

ಪ್ರಶ್ನೆ ತೀರ ಅಡ್ಡಗೋಡೆಯದಲ್ಲ. ಬೆಳಗಾವಿಯ ಚಳಿ ರಾಜ್ಯದಲ್ಲಿ ಹೆಸರುವಾಸಿಯೇನೋ ಹೌದು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಈ ಊರಿನ ತಂಪು ಹವೆಯನ್ನು ಮೆಚ್ಚಿ ಬ್ರಿಟಿಷರು ಇಲ್ಲಿ ದಂಡಿನ ನೆಲೆ ಬಲಪಡಿಸಿದರು. ಆದರೂ ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸಾಮಾನ್ಯವಾಗಿ 13-14 ಡಿಗ್ರಿಗೆ ಇಳಿಯುತ್ತದೆ. ಕೆಲವು ರಾತ್ರಿ ಅದಕ್ಕಿಂತ ಕೆಳಗೆ ಹೋದೀತು. ಆ ಚಳಿಗೆ ನಾವು ಕಂಬಳಿ ಹೊದೆಯುತ್ತೇವೆ, ಗಿಡ ಸಾಯುವುದಿಲ್ಲ.

ಹಾಗಿದ್ದರೂ ಖಾನಾಪುರದ ಸೀಮೆಯೂ ಸೇರಿದಂತೆ ಸಹ್ಯಾದ್ರಿಯ ಮಗ್ಗುಲಿನ ರೈತರು ಬೆಳೆಗಾಗಿ ನೆಲಕ್ಕೆ ಕಾವು ಕೊಡುವ ವಿದ್ಯೆಯನ್ನು ಬಹು ಹಿಂದೆಯೇ ಬಲ್ಲವರಾಗಿದ್ದರು. ಗಾಜು ಕಾಣದ, ಪ್ಲಾಸ್ಟಿಕ್ಕಿನ ಹೆಸರೇ ಕೇಳದ ಕಾಲದ ಮಾತು ಇದು. ಬೇರೆ ದೇಶದವರು ಗಿಡದ ಸುತ್ತಲಿನ ಗಾಳಿಯನ್ನು ಬಿಸಿ ಮಾಡಿದರೆ, ಇವರು ಗಿಡ ಹುಟ್ಟುವ ಮೊದಲೇ ಮಣ್ಣನ್ನು ಬಿಸಿ ಮಾಡುತ್ತಿದ್ದರು. ಈ ಸಣ್ಣ ಕೆಲಸ ಒಂದು ಕಾಲದಲ್ಲಿ ಬಾಂಬೆ ಸರ್ಕಾರದ ತಲೆನೋವಾಗಿ, ಆಯೋಗದ ಮುಂದೆ ಚರ್ಚೆಗೆ ಬಂದು, ಕೊನೆಗೆ ವಿಜ್ಞಾನಿಗಳ ಪ್ರಯೋಗಶಾಲೆಯನ್ನೂ ಹೊಕ್ಕಿತು. ಇಂದಿನ ಪಾಲಿಹೌಸಿನ ಒಂದು ದೊಡ್ಡ ಸಂಕಟಕ್ಕೂ ಅದಕ್ಕೂ ಹತ್ತಿರದ ನೆಂಟಸ್ತಿಕೆ ಇದೆ.

ಚಕ್ರವರ್ತಿಯ ಸೌತೆಕಾಯಿ

ಅಕಾಲದಲ್ಲಿ ಬೆಳೆ ತೆಗೆಯುವ ಆಸೆ ಮೊದಲು ಹುಟ್ಟಿದ್ದು ಅರಮನೆಗಳಲ್ಲಿ. ಕ್ರಿಸ್ತಶಕದ ಮೊದಲ ಶತಮಾನದಲ್ಲಿ ರೋಮಿನ ಚಕ್ರವರ್ತಿ ಟೈಬೀರಿಯಸನಿಗೆ ದಿನವೂ ಸೌತೆಕಾಯಿ ಬೇಕಿತ್ತಂತೆ. ಅವನ ತೋಟದವರು ಗಾಲಿಗಳ ಮೇಲೆ ಮಡಿ ಕಟ್ಟಿ, ಬಿಸಿಲು ಬಂದಾಗ ಹೊರಗೆ ತಳ್ಳಿ, ಚಳಿಯಲ್ಲಿ ಬೆಳಕು ಹಾಯುವ ತೆಳ್ಳನೆಯ ಕಲ್ಲಿನ ಹಾಳೆಯ ಮುಚ್ಚಳದಡಿ ಇಡುತ್ತಿದ್ದರೆಂದು ಪ್ಲಿನಿ ಬರೆದಿದ್ದಾನೆ. ಹದಿನೈದನೆಯ ಶತಮಾನದ ನಡುವಿನಲ್ಲಿ ಕೊರಿಯಾದ ರಾಜವೈದ್ಯ ಜಿಯೋನ್ ಸುನ್-ಉಯಿ ಬರೆದ ‘ಸಂಗಾ ಯೋರೋಕ್’ ಎಂಬ ಗ್ರಂಥದಲ್ಲಿ ಇನ್ನೂ ಅಚ್ಚುಕಟ್ಟಾದ ಒಂದು ಮನೆಯ ವಿವರವಿದೆ. ಮೂರು ಕಡೆ ಮಣ್ಣಿನ ಗೋಡೆ, ದಕ್ಷಿಣಕ್ಕೆ ಎಣ್ಣೆ ಸವರಿದ ಕಾಗದದ ಕಿಟಕಿ, ನೆಲದಡಿಯಲ್ಲಿ ಒಲೆಯ ಹೊಗೆ ಹಾಯುವ ಓಣಿ. ಚಳಿಗಾಲದಲ್ಲಿ ಸೊಪ್ಪು ತರಕಾರಿ ಬೆಳೆಯಲು ಇಷ್ಟು ಏರ್ಪಾಡು.

ಪ್ಯಾರಿಸ್ಸಿನ ತರಕಾರಿ ಬೆಳೆಗಾರರು ಒಲೆಯ ಗೊಡವೆಗೆ ಹೋಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆ ನಗರದಲ್ಲಿ ಸಾರೋಟಿನ ಕುದುರೆಗಳಿಗೆ ಬರವಿರಲಿಲ್ಲ, ಲದ್ದಿಗೂ ಇರಲಿಲ್ಲ. ಹಸಿ ಲದ್ದಿಯನ್ನು ಒತ್ತಿ ಪೇರಿಸಿ, ಮೇಲೆ ಒಂದು ಗೇಣು ಮಣ್ಣು ಹರಡಿ, ಗಾಜಿನ ಚೌಕಟ್ಟು ಮುಚ್ಚಿದರೆ ಲದ್ದಿ ಕೊಳೆಯುವ ಬಿಸಿಯಲ್ಲಿಯೇ ಜನವರಿ-ಫೆಬ್ರವರಿಯಲ್ಲಿ ಎಳೆಯ ಮೂಲಂಗಿ, ಸೊಪ್ಪು ಸಿಗುತ್ತಿದ್ದವು. ಮೋಟಾರು ಗಾಡಿಗಳು ಬಂದು ಕುದುರೆಗಳು ಮರೆಯಾದವು, ಆ ವಿದ್ಯೆಯೂ ಸೊರಗಿತು.

ಮಾವಿನಕಾಯಿಯನ್ನು ಹುಲ್ಲಿನಲ್ಲಿ ಅಡೆ ಹಾಕುವ, ನೆನೆಸಿದ ಭತ್ತವನ್ನು ಗೋಣಿಯಲ್ಲಿ ಕಟ್ಟಿ, ಹುಲ್ಲು ಹೊದಿಸಿ, ಮೇಲೆ ಕಲ್ಲು ಹೇರಿ ಮೊಳಕೆ ಬರಿಸುವ ನಮ್ಮ ಜನಕ್ಕೆ ಈ ಕೊಳೆಯುವ, ಉಸಿರಾಡುವ ವಸ್ತುಗಳ ಕಾವು ಅಪರಿಚಿತವೇನಲ್ಲ. ಮೊಳಕೆಯ ಗೋಣಿಯೊಳಗೆ ಕೈಯಿಟ್ಟು ನೋಡಿದವರಿಗೆ ಆ ಬಿಸಿ ಗೊತ್ತು.

ಇನ್ನು ಗಾಜಿನ ಮನೆ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಇಟ್ಟ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿ, ಕಬ್ಬಿಣ ಬಂದದ್ದು ಸ್ಕಾಟ್ಲೆಂಡಿನಿಂದ. ಅದನ್ನು ನೋಡಿದವರು ಒಂದು ಅಂಶ ಗಮನಿಸಿರಬಹುದು: ಸುತ್ತಲೂ ತೆರೆದಿದೆ, ಗಾಳಿ ಆಡುತ್ತದೆ. ಇಂಗ್ಲೆಂಡಿನ ಗಾಜಿನ ಮನೆಯಲ್ಲಿ ಇರಲೇಬೇಕಾದ ಬಿಸಿನೀರಿನ ಕೊಳವೆ ಇಲ್ಲಿ ಬೇಕಾಗಲಿಲ್ಲ. ಚಳಿನಾಡಿನ ಮನೆ ನಮ್ಮಲ್ಲಿಗೆ ಬಂದಾಗ ಒಲೆಯನ್ನು ಹಡಗಿನಲ್ಲೇ ಬಿಟ್ಟು ಬಂದಂತಾಯಿತು.

ನಮ್ಮ ಕಡೆ ವರ್ಷವಿಡೀ ಬೆಳೆಯುವುದಕ್ಕೆ ಅಡ್ಡಿ ಮಾಡುವುದು ಮಳೆ. ಖಾನಾಪುರ ತಾಲ್ಲೂಕಿನಲ್ಲಿ ಪೂರ್ವಕ್ಕೂ ಪಶ್ಚಿಮಕ್ಕೂ ಅಜಗಜಾಂತರ. ಪೂರ್ವದ ಬಯಲಿನಲ್ಲಿ ಮಳೆ ಹಿತಮಿತ. ಜಾಂಬೋಟಿ ದಾಟಿ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ, ಆಮಗಾವಿನ ಕಡೆಗೆ ಹೋದಂತೆಲ್ಲ ಅದು ಆಗುಂಬೆಯೊಡನೆ ಪೈಪೋಟಿಗೆ ಇಳಿಯುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮೆಣಸಿನ ಸಸಿ, ಟೊಮೆಟೊ, ಕೊತ್ತಂಬರಿ ಬಯಲಲ್ಲಿ ನಿಲ್ಲುವುದು ಕಷ್ಟ. ಗೋವೆಯ ಅಡುಗೆಮನೆಗಳಿಗೆ ಬೆಳಗಾವಿಯ ತರಕಾರಿ ಬೇಕು. ಚೋರ್ಲಾ ಘಾಟಿಯ ಮೂಲಕ ಲಾರಿಗಳು ಇಳಿಯುತ್ತವೆ. ಮಳೆಗಾಲದಲ್ಲಿ ಬೆಳೆ ಕೊಳೆತರೆ ಬೆಲೆಯ ಬಿಸಿ ಎರಡೂ ಕಡೆ ತಟ್ಟುತ್ತದೆ. ಆದ್ದರಿಂದ ಖಾನಾಪುರದಲ್ಲಿ ಪಾಲಿಹೌಸ್ ಮೊದಲು ಒಂದು ಛತ್ರಿ, ಆಮೇಲೆ ಒಲೆ.

ರಾಬ

ಈ ಮಳೆಯೇ ಹಿಂದಿನವರಿಗೆ ಮಡಿ ಸುಡುವುದನ್ನು ಕಲಿಸಿತು. ಮರಾಠಿಯಲ್ಲಿ ಇದಕ್ಕೆ ರಾಬ ಎನ್ನುತ್ತಾರೆ. ಕನ್ನಡ, ಮರಾಠಿ, ಕೊಂಕಣಿ ಒಂದೇ ಅಂಗಳದಲ್ಲಿ ಆಡುವ ಸೀಮೆಯಲ್ಲಿ ಆ ಪದ ಯಾರಿಗೂ ಪರಕೀಯವಲ್ಲ. ಠಾಣೆ, ಕೊಲಾಬಾಗಳಿಂದ ತೊಡಗಿ ಸಹ್ಯಾದ್ರಿಯ ಸಾಲಿನುದ್ದಕ್ಕೂ ಭತ್ತ, ರಾಗಿ, ವರಿಗಳ ಸಸಿ ಬೆಳೆಸಲು ಇದೇ ಕ್ರಮ ಇತ್ತು. ಏಪ್ರಿಲ್-ಮೇ ತಿಂಗಳಲ್ಲಿ ಸಸಿಮಡಿಗೆಂದು ಆರಿಸಿದ ತುಣುಕಿನ ಮೇಲೆ ಮೊದಲು ಒಣ ಸಗಣಿ ಹರಡುವುದು. ಅದರ ಮೇಲೆ ಕಾಡಿನಿಂದ ಸವರಿ ತಂದು ಒಣಗಿಸಿದ ಟೊಂಗೆ, ಸೊಪ್ಪು. ಮೇಲೆ ತರಗೆಲೆ, ಹುಲ್ಲು. ಎಲ್ಲಕ್ಕೂ ಮೇಲೆ ತೆಳ್ಳಗೆ ಪುಡಿಮಣ್ಣು. ಈ ಕೊನೆಯ ಮಣ್ಣಿನ ಪದರದಲ್ಲಿಯೇ ಜಾಣತನವಿರುವುದು. ಬೆಂಕಿಯನ್ನು ಗಾಳಿ ಬೀಸುವ ಕಡೆಯಿಂದ ಕೊಡದೆ ಎದುರು ತುದಿಯಿಂದ ಕೊಡುತ್ತಿದ್ದರು. ಜ್ವಾಲೆ ಭುಗಿಲೇಳದೆ, ಒಳಗೊಳಗೇ ಹೊಗೆಯಾಡುತ್ತ, ನಿಧಾನವಾಗಿ ಇಡೀ ಮಡಿ ಬೇಯಬೇಕು. ಮೊದಲ ಮಳೆ ಬೀಳುವ ಹೊತ್ತಿಗೆ ಬೀಜ ಚೆಲ್ಲಿದರೆ, ಮೂರು-ನಾಲ್ಕು ವಾರದಲ್ಲಿ ಕಪ್ಪು ಹಸಿರಿನ ಸಸಿ ಎದ್ದು ನಿಲ್ಲುತ್ತಿತ್ತು.

ಇದನ್ನು ಕುಮರಿಯ ಜೊತೆ ಗೊಂದಲ ಮಾಡಿಕೊಳ್ಳಬಾರದು. ಕುಮರಿಯಲ್ಲಿ ಕಾಡಿನ ಒಂದು ತುಂಡನ್ನೇ ಕಡಿದು ಸುಟ್ಟು, ಎರಡು-ಮೂರು ವರ್ಷ ಬೆಳೆದು, ಮುಂದಕ್ಕೆ ಹೋಗುತ್ತಿದ್ದರು. ರಾಬದಲ್ಲಿ ಸುಡುವುದು ಸಸಿಮಡಿಯನ್ನು ಮಾತ್ರ. ನಾಟಿ ಮಾಡುವ ಗದ್ದೆಯ ಸುಮಾರು ಹತ್ತನೇ ಒಂದು ಪಾಲು. ಆದರೆ ಸುಡಲು ಬೇಕಾದ ಸೊಪ್ಪು ಮಾತ್ರ ಪ್ರತಿ ವರ್ಷ ಕಾಡಿನಿಂದಲೇ ಬರಬೇಕಿತ್ತು. ಜಗಳ ಹುಟ್ಟಿದ್ದು ಅಲ್ಲಿ.

1878ರ ಅರಣ್ಯ ಕಾಯಿದೆ ಬಂದ ಮೇಲೆ ಕಾಡಿನ ಗೆರೆಗಳು ಬಿಗಿಯಾದವು. ಅರಣ್ಯಾಧಿಕಾರಿಗಳ ಕಣ್ಣಿಗೆ ರಾಬವೆಂದರೆ ಮರಗಳ ತಲೆ ಸವರುವ ದುಂದುಗಾರಿಕೆ. ಕೈ ಸವರಿದ ಮರ ಎತ್ತರಕ್ಕೆ ಬೆಳೆಯದೆ ಮೊಂಡಾಗುತ್ತದೆ, ದಿಮ್ಮಿಗೆ ಬಾರದು ಎಂಬುದು ಅವರ ದೂರು. ಅದು ಸುಳ್ಳೂ ಅಲ್ಲ. ರೈತರ ಮಾತು ಬೇರೆ. ಸುಡದ ಮಡಿಯಲ್ಲಿ ಕಳೆ ಮೊದಲು ಏಳುತ್ತದೆ, ಸಸಿ ಹಿಂದೆ ಬೀಳುತ್ತದೆ. ಮಳೆ ಹಿಡಿದ ಮೇಲೆ ಕಳೆ ಕೀಳಲು ಪುರಸೊತ್ತು ಎಲ್ಲಿದೆ? ಸುಟ್ಟ ಮಡಿಯ ಮಣ್ಣು ಹುಡಿಹುಡಿಯಾಗಿ, ಸಸಿ ಕಿತ್ತರೆ ಬೇರು ಹರಿಯದೆ ಬರುತ್ತದೆ. ಸೊಪ್ಪು ಇಲ್ಲವಾದರೆ ಸಸಿ ಇಲ್ಲ, ಸಸಿ ಇಲ್ಲವಾದರೆ ಗದ್ದೆ ಇದ್ದೂ ಇಲ್ಲ. ಮಳೆಯ ಮೊದಲ ವಾರ ತಪ್ಪಿದರೆ ಇಡೀ ವರ್ಷ ತಪ್ಪುವ ಬೇಸಾಯದಲ್ಲಿ ಇದು ಹೊಟ್ಟೆಯ ಪ್ರಶ್ನೆಯಾಗಿತ್ತು.

ಅಸಮಾಧಾನ ಠಾಣೆ, ಕೊಲಾಬಾ ಜಿಲ್ಲೆಗಳಲ್ಲಿ ಎಲ್ಲಕ್ಕೂ ಹೆಚ್ಚಾಗಿ ಹೊಗೆಯಾಡಿತು. ರೈತರೂ ಭೂಮಾಲೀಕರೂ ಸಂಘ ಕಟ್ಟಿ ಮನವಿ ಸಲ್ಲಿಸಿದರು. 1885ರಲ್ಲಿ ಬಾಂಬೆ ಸರ್ಕಾರ ಅರಣ್ಯ ಆಯೋಗವೊಂದನ್ನು ನೇಮಿಸಿತು. 1887ರಲ್ಲಿ ಅದರ ವರದಿ ಬಂತು. ರಾಬದ ಸೊಪ್ಪಿನ ಹಕ್ಕು ಅದರ ಮುಂದಿದ್ದ ದೊಡ್ಡ ವಿಷಯಗಳಲ್ಲಿ ಒಂದು. ಬೆಳಗಾವಿ ಜಿಲ್ಲೆ 1956ರ ಏಕೀಕರಣದವರೆಗೆ ಅದೇ ಬಾಂಬೆಯ ಆಡಳಿತದಲ್ಲಿದ್ದುದರಿಂದ ಆ ಕಾಯಿದೆಯ ನೆರಳು ಖಾನಾಪುರದ ಮಲೆಯ ಮೇಲೂ ಬಿತ್ತು. ಪಕ್ಕದ ಉತ್ತರ ಕನ್ನಡದಲ್ಲಿ ಅಡಿಕೆ ತೋಟದವರು ಸೊಪ್ಪಿನ ಬೆಟ್ಟದ ಹಕ್ಕನ್ನು ಉಳಿಸಿಕೊಂಡರು. ಕೊಂಕಣದಲ್ಲಿ ಗದ್ದೆಯ ಜೊತೆಗೆ ವರ್ಕಸ್ ಎಂಬ ಸೊಪ್ಪು-ಹುಲ್ಲಿನ ಜಮೀನು ಇರುತ್ತಿತ್ತು. ತೋಟ ಉಳ್ಳವನಿಗೆ ದಕ್ಕಿದಷ್ಟು ಸುಲಭವಾಗಿ ರಾಗಿ ಬೆಳೆಯುವವನಿಗೆ ಇಂಥ ಹಕ್ಕು ದಕ್ಕಲಿಲ್ಲವೆಂಬುದು ನನ್ನ ಎಣಿಕೆ.

ಸರ್ಕಾರದೊಳಗೂ ಎಲ್ಲರ ಬಾಯಿ ಒಂದೇ ಆಗಿರಲಿಲ್ಲ. ಪ್ರಾಂತದ ಕೃಷಿ ನಿರ್ದೇಶಕನಾಗಿದ್ದ ಓಝಾನ್ ಲೋಣಾವಳದಲ್ಲಿ ಮಡಿಗಳನ್ನು ಮಾಡಿಸಿ, ಕೆಲವನ್ನು ಸುಟ್ಟು ಕೆಲವನ್ನು ಸುಡದೆ ಬಿಟ್ಟು ಪರೀಕ್ಷಿಸಿದ. ಸುಟ್ಟ ಮಡಿಯೇ ಮೇಲಾಯಿತು. ಇಂಗ್ಲೆಂಡಿನ ರಾಯಲ್ ಕೃಷಿ ಸಂಘದ ರಸಾಯನಜ್ಞ ಜಾನ್ ಆಗಸ್ಟಸ್ ವೋಲ್ಕರ್ 1889ರ ಕೊನೆಯಲ್ಲಿ ಭಾರತಕ್ಕೆ ಬಂದು ದೇಶವನ್ನೆಲ್ಲ ಸುತ್ತಿದ. 1893ರಲ್ಲಿ ಪ್ರಕಟವಾದ ಅವನ ವರದಿ ಈಗಲೂ ಓದಲು ತಕ್ಕದ್ದು. ಭಾರತದ ರೈತನಿಗೆ ಬೇಸಾಯ ಗೊತ್ತಿಲ್ಲವೆಂಬ ಮಾತನ್ನು ಅವನು ಒಪ್ಪಲಿಲ್ಲ. ರಾಬವನ್ನು ಬರೀ ಮೂಢ ರೂಢಿಯೆಂದು ತಳ್ಳಿಹಾಕಲೂ ಅವನು ಸಿದ್ಧನಿರಲಿಲ್ಲ.

ಬೂದಿಯೋ, ಕಾವೋ?

ಇಷ್ಟೆಲ್ಲ ವಾದದ ನಡುವೆ ಒಂದು ಪ್ರಶ್ನೆ ಹಾಗೆಯೇ ಉಳಿದಿತ್ತು. ಸುಟ್ಟ ಮಡಿಯಲ್ಲಿ ಕೆಲಸ ಮಾಡುವುದು ಬೂದಿಯೋ ಕಾವೋ? ಬೂದಿಯೇ ಆದರೆ ಬೇರೆಡೆ ಸುಟ್ಟು ತಂದು ಹಾಕಬಹುದು, ಬೇರೆ ಗೊಬ್ಬರವನ್ನೂ ಕೊಡಬಹುದು. ರೈತನ ಹಟಕ್ಕೆ ಅರ್ಥವಿಲ್ಲ. ಪುಣೆಯ ಕೃಷಿ ಕಾಲೇಜಿನಲ್ಲಿದ್ದ ಹೆರಾಲ್ಡ್ ಮ್ಯಾನ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡ. ದಖ್ಖನಿನ ಒಂದು ಹಳ್ಳಿಯ ಭೂಮಿ-ದುಡಿಮೆಯ ಲೆಕ್ಕವನ್ನು ಮನೆಮನೆಗೆ ಹೋಗಿ ಬರೆದು ಮುಂದೆ ಹೆಸರಾದ ಮ್ಯಾನ್ ಈತನೇ. ಜೋಶಿ ಮತ್ತು ಕಾನಿಟ್ಕರ್ ಎಂಬ ಸಹೋದ್ಯೋಗಿಗಳ ಜೊತೆಗೂಡಿ 1912ರಲ್ಲಿ ಅವನು ಪ್ರಕಟಿಸಿದ ರಾಬದ ಅಧ್ಯಯನದಲ್ಲಿ ತೂಕ ಬಿದ್ದದ್ದು ಕಾವಿನ ಕಡೆಗೆ. ಬೂದಿಯ ಸತ್ವ ಉಪಕಾರಿ ಹೌದು. ಆದರೆ ಮಣ್ಣಿಗೆ ತಾಗಿದ ಬಿಸಿಯೇ ಅದರ ಗುಣವನ್ನು ಬದಲಿಸುವುದು.

ಅದೇ ಹೊತ್ತಿಗೆ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ರಸೆಲ್ ಮತ್ತು ಹಚಿನ್ಸನ್ ಎಂಬವರು ಮಣ್ಣನ್ನು ಕಾಯಿಸಿ ನೋಡುತ್ತಿದ್ದರು. 1909ರಲ್ಲಿ ಅವರು ತಿಳಿಸಿದಂತೆ ಅರೆಬರೆ ಬೇಯಿಸಿದ ಮಣ್ಣಿನಲ್ಲಿ ಅಮೋನಿಯ ಏರುತ್ತದೆ, ಬೆಳೆ ಹುಲುಸಾಗುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ಸಾಯುತ್ತವೆ. ಗಟ್ಟಿ ಜೀವದ ಕೆಲವು ಉಳಿದು, ಸತ್ತವುಗಳನ್ನು ತಿಂದು ಬೆಳೆಯುತ್ತವೆ. ಸತ್ತ ಜೀವಿಗಳೊಳಗಿನ ಸಾರಜನಕ ಅಮೋನಿಯವಾಗಿ ಬಿಡುಗಡೆಯಾಗುತ್ತದೆ. ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸುವ ಜೀವಿಗಳು ಕಾವಿಗೆ ಬೇಗ ಸಾಯುವುದರಿಂದ ಅದು ಕೆಲವು ವಾರ ಹಾಗೆಯೇ ಉಳಿಯುತ್ತದೆ.

ಈಗ ಇದನ್ನು ಮಲೆನಾಡಿನ ಮಳೆಯೊಡನೆ ಸೇರಿಸಿ ನೋಡೋಣ. ನೈಟ್ರೇಟ್ ಮಣ್ಣಿಗೆ ಅಂಟುವುದಿಲ್ಲ. ನಾಲ್ಕು ಜಡಿಮಳೆ ಬಿದ್ದರೆ ನೀರಿನೊಡನೆ ಹಳ್ಳ ಸೇರುತ್ತದೆ. ಅಮೋನಿಯದ ರೂಪದಲ್ಲಿರುವ ಸಾರಜನಕ ಮಣ್ಣಿನ ಕಣಕ್ಕೆ ಕಚ್ಚಿಕೊಂಡಿರುತ್ತದೆ, ಭತ್ತದ ಸಸಿಗೂ ಅದು ಒಗ್ಗುತ್ತದೆ. ಮಡಿ ಸುಟ್ಟವರಿಗೆ ಅಮೋನಿಯದ ಹೆಸರು ಗೊತ್ತಿರಲಿಲ್ಲ. ಜೂನಿನ ಮಳೆಗೆ ತೊಳೆದುಹೋಗದ ಗೊಬ್ಬರ ಯಾವುದೆಂದು ಮಾತ್ರ ಗೊತ್ತಿತ್ತು.

ಇಂಗ್ಲೆಂಡಿನಲ್ಲಿ ರಸೆಲ್‌ನ ಮಾತಿಗೆ ಮೊದಲು ಕಿವಿಗೊಟ್ಟವರಲ್ಲಿ ಗಾಜಿನ ಮನೆಯವರು ಸೇರಿದ್ದರೆಂಬುದು ಸ್ವಾರಸ್ಯದ ಸಂಗತಿ. ಲಂಡನ್ನಿನ ಉತ್ತರಕ್ಕೆ ಲೀ ನದಿಯ ಕಣಿವೆಯಲ್ಲಿ ಎಕರೆಗಟ್ಟಲೆ ಗಾಜಿನಡಿ ಸೌತೆ, ಟೊಮೆಟೊ ಬೆಳೆಯುತ್ತಿದ್ದರು. ವರ್ಷ ವರ್ಷವೂ ಅದೇ ಬೆಳೆ, ಬಿಡುವಿಲ್ಲದ ಕಾವು, ಮಳೆಗೆ ತೊಳೆಯದ ನೆಲ. ಕೆಲವೇ ವರ್ಷಗಳಲ್ಲಿ ಮಣ್ಣು ‘ಕಾಯಿಲೆ’ ಬೀಳುತ್ತಿತ್ತು. ಬೇರಿಗೆ ಗಂಟು, ಬುಡಕ್ಕೆ ಕೊಳೆ. ಹಳೆಯ ಮಣ್ಣನ್ನು ಹೊತ್ತು ಹಾಕಿ ಹೊಸದು ತುಂಬುವ ಖರ್ಚಿಗೆ ಬೇಸತ್ತವರು ಮಣ್ಣಿನೊಳಗೆ ಕೊಳವೆ ಹೂತು ಹಬೆ ಹಾಯಿಸತೊಡಗಿದರು. ಬಾಂಬೆ ಪ್ರಾಂತದ ರೈತ ಸೊಪ್ಪಿನ ಬೆಂಕಿಯಿಂದ ಮಾಡಿದ್ದನ್ನೇ ಅವರು ಕಲ್ಲಿದ್ದಲಿನ ಬಾಯ್ಲರಿನಿಂದ ಮಾಡಿದರು. ಇಲ್ಲಿ ಅದಕ್ಕೆ ದುಂದು ಎಂಬ ಹೆಸರು ಬಂದಿತ್ತು, ಅಲ್ಲಿ ಸುಧಾರಣೆ ಎಂಬ ಹೆಸರು ಬಂತು.

ಬಿಸಿಲಿಗೆ ಮುಚ್ಚಳ

ಬೆಂಕಿ ಬೇಡ, ಹಬೆ ಬೇಡ, ಬಿಸಿಲೇ ಸಾಕು ಎಂದು ತೋರಿಸಿದವರು ಇಸ್ರೇಲಿನ ಯಾಕೊವ್ ಕಟಾನ್ ಮತ್ತು ಜೊತೆಗಾರರು. 1976ರಲ್ಲಿ ಪ್ರಕಟವಾದ ಅವರ ಪ್ರಯೋಗದ ಕ್ರಮ ಹೇಳಲು ಸರಳ. ಕಡು ಬೇಸಿಗೆಯಲ್ಲಿ ಹೊಲಕ್ಕೆ ಚೆನ್ನಾಗಿ ನೀರು ಹಾಯಿಸಿ, ತೆಳ್ಳನೆಯ ಪಾರದರ್ಶಕ ಪಾಲಿಥಿನ್ ಹಾಳೆಯನ್ನು ನೆಲಕ್ಕೆ ತಾಗುವಂತೆ ಹಾಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂತು, ಕೆಲವು ವಾರ ಬಿಡುವುದು. ಮೇಲ್ಪದರದ ಮಣ್ಣು 45-50 ಡಿಗ್ರಿಯವರೆಗೆ ಕಾಯುತ್ತದೆ. ರೋಗದ ಬೂಷ್ಟು ಬಹುಮಟ್ಟಿಗೆ ಸಾಯುತ್ತದೆ, ಅನೇಕ ಕಳೆಬೀಜಗಳೂ ಸಾಯುತ್ತವೆ. ಒಣ ಮಣ್ಣಿಗಿಂತ ಒದ್ದೆ ಮಣ್ಣಿನಲ್ಲಿ ಕಾವು ಆಳಕ್ಕಿಳಿಯುತ್ತದೆ, ಒದ್ದೆಯಲ್ಲಿ ಜೀವಿಗಳೂ ಬೇಗ ಸೋಲುತ್ತವೆ. ಹಾಳೆ ಕಪ್ಪಗಿರಬಾರದೆಂಬುದು ಹಲವರಿಗೆ ಆಶ್ಚರ್ಯ. ಕಪ್ಪು ಹಾಳೆ ತಾನೇ ಬಿಸಿಯಾಗುತ್ತದೆ, ಮಣ್ಣಿಗೆ ಬಿಸಿಲು ಬಿಡುವುದಿಲ್ಲ.

ಭಾರತದಲ್ಲಿ ಇದು ಬೇಗ ಹೊಂದಿಕೊಂಡ ಜಾಗಗಳಲ್ಲಿ ಒಂದು ಬೀಡಿ ತಂಬಾಕಿನ ಸಸಿಮಡಿ. ಗುಜರಾತಿನಲ್ಲಿ ತಂಬಾಕಿನ ಮಡಿಯನ್ನು ಸುಡುವ ರೂಢಿ ಹಳೆಯದು. ಆಣಂದದ ವಿಜ್ಞಾನಿಗಳು ಸುಡುವ ಬದಲು ಹಾಳೆ ಮುಚ್ಚಿ ಬಿಸಿಲಿಗೆ ಕಾಯಿಸುವುದನ್ನು ಪರೀಕ್ಷಿಸಿ ಶಿಫಾರಸು ಮಾಡಿದರು. ಬೆಳಗಾವಿ ಜಿಲ್ಲೆಯ ಉತ್ತರದಲ್ಲಿರುವ ನಿಪ್ಪಾಣಿ ಬೀಡಿ ತಂಬಾಕಿಗೇ ಹೆಸರಾದ ಊರು. ಆದ್ದರಿಂದ ಈ ಮಾತು ನಮ್ಮ ಮನೆಯ ಅಂಗಳದ್ದೇ.

ಪಾಲಿಹೌಸಿನ ಕತೆಗೆ ಈಗ ಬರಬಹುದು. 2005-06ರಲ್ಲಿ ರಾಷ್ಟ್ರೀಯ ತೋಟಗಾರಿಕಾ ಮಿಷನ್ ಆರಂಭವಾದ ಮೇಲೆ ಅರ್ಧ ಖರ್ಚಿನ ಸಹಾಯಧನದ ಬಲದಿಂದ ಇವು ಕರ್ನಾಟಕದಲ್ಲಿ ಹರಡಿದವು. ಉಳಿದರ್ಧ ರೈತನದು, ಹೆಚ್ಚಾಗಿ ಬ್ಯಾಂಕಿನದು. ಮೊದಲ ವರ್ಷದ ದೊಣ್ಣಮೆಣಸಿನಕಾಯಿ ಕಣ್ಣು ತುಂಬುತ್ತದೆ. ಎರಡನೆಯ, ಮೂರನೆಯ ವರ್ಷದ ಹೊತ್ತಿಗೆ ಗಿಡ ಮಧ್ಯಾಹ್ನದಲ್ಲಿ ಜೋಲುತ್ತದೆ. ಕಿತ್ತು ನೋಡಿದರೆ ಬೇರಿನ ತುಂಬ ಮಣಿ ಪೋಣಿಸಿದಂತೆ ಗಂಟು. ಕಣ್ಣಿಗೆ ಕಾಣದಷ್ಟು ಸಣ್ಣ ದುಂಡುಹುಳುಗಳ ಕೆಲಸ ಅದು. ಲೀ ಕಣಿವೆಯವರನ್ನು ಕಾಡಿದ ಕಾಯಿಲೆಯೇ ಇಲ್ಲಿಗೂ ಬಂದಿದೆ. ವರ್ಷವಿಡೀ ಬೆಳೆಯುವ ಆಸೆಗೆ ಮಣ್ಣು ಕೇಳುವ ತೆರಿಗೆ ಇದು. ಹಿಂದೆ ಶ್ರೀಮಂತ ದೇಶಗಳು ಇದಕ್ಕೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಅನಿಲ ಬಿಡುತ್ತಿದ್ದವು. ಓಝೋನ್ ಪದರಕ್ಕೆ ಕೆಡುಕೆಂದು ಮಾಂಟ್ರಿಯಲ್ ಒಪ್ಪಂದದಡಿ ಆ ಬಳಕೆಯನ್ನು 2005ರಲ್ಲಿ ಮುಂದುವರಿದ ದೇಶಗಳೂ 2015ರಲ್ಲಿ ಉಳಿದವೂ ನಿಲ್ಲಿಸಬೇಕಾಯಿತು.

ಉಳಿಯುವುದು ಬೇಸಿಗೆಯ ಕಾವು. ಬೆಳೆ ಮುಗಿದ ಮೇಲೆ ಪಾಲಿಹೌಸಿನ ಪಕ್ಕದ ಪರದೆಗಳನ್ನು ಇಳಿಸಿ, ಮಡಿಗಳಿಗೆ ನೀರುಣಿಸಿ, ತೆಳು ಹಾಳೆ ಹಾಸಿ ನಾಲ್ಕರಿಂದ ಆರು ವಾರ ಮುಚ್ಚಿಟ್ಟರೆ ಒಂದು ಮನೆಯೊಳಗೆ ಇನ್ನೊಂದು ಮನೆ ಕಟ್ಟಿದಂತಾಗುತ್ತದೆ. ಮಣ್ಣು ಬಯಲಿಗಿಂತ ಹೆಚ್ಚು ಕಾಯುತ್ತದೆ. ಖಾನಾಪುರದಲ್ಲಿ ಇದಕ್ಕೆ ಮಾರ್ಚ್ ನಡುವಿನಿಂದ ಏಪ್ರಿಲ್ ಕೊನೆಯವರೆಗಿನ ಸಮಯ ಒಳ್ಳೆಯದು. ಮೇ ತಿಂಗಳಲ್ಲಿ ಸಹ್ಯಾದ್ರಿಯ ಮೇಲೆ ಸಂಜೆ ಮೋಡ ಕಟ್ಟತೊಡಗುತ್ತದೆ, ಅಡ್ಡಮಳೆ ಬರುತ್ತದೆ. ಆರು ವಾರ ಮನೆ ಖಾಲಿ ಬಿಡುವುದೆಂದರೆ ಸಾಲ ತೀರಿಸುವವನಿಗೆ ಸಂಕಟವೇ. ಬಿಡದವನ ಸಂಕಟ ಮುಂದಿನ ವರ್ಷಕ್ಕೆ ಕಾದಿರುತ್ತದೆ.

ಚಳಿಗಾಲದ ರಾತ್ರಿಯ ಮಾತು ಬಾಕಿ ಇದೆ. ಗಿಡ ಸಾಯದ ಚಳಿ ಎಂದೆ; ಆದರೆ ಬೀಜಕ್ಕೆ ಅದು ಸೋಮಾರಿತನ ತರುತ್ತದೆ. ಮಣ್ಣು 25 ಡಿಗ್ರಿಯಿದ್ದಾಗ ಸುಮಾರು ಎಂಟು ದಿನದಲ್ಲಿ ಮೊಳೆಯುವ ದೊಣ್ಣಮೆಣಸಿನ ಬೀಜ 15 ಡಿಗ್ರಿಯಲ್ಲಿ ಮೂರು ವಾರಕ್ಕೂ ಮೀರಿ ಕಾಯಿಸುತ್ತದೆ. ಟೊಮೆಟೊ ಕೂಡ ಆರು ದಿನದ ಬದಲು ಎರಡು ವಾರ. ಜನವರಿಯಲ್ಲಿ ಸಸಿ ಬೆಳೆಸಿ ಮಾರುವವರಿಗೆ ಈ ವಾರಗಳೆಲ್ಲ ಹಣ. ಕಾಡಂಚಿನ ಹಳ್ಳಿಯಲ್ಲಾದರೆ ವಿದ್ಯುತ್ತನ್ನು ನೆಚ್ಚಿ ಹೀಟರ್ ಇಡುವ ಮಾತೇ ಇಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಗಾಜು ಬಿಸಿಲನ್ನು ಒಳಗೆ ಬಿಟ್ಟು ಶಾಖದ ಕಿರಣವನ್ನು ಹೊರಗೆ ಬಿಡದ ಕಾರಣಕ್ಕೇ ಒಳಗೆ ಬಿಸಿಯಾಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. 1909ರಲ್ಲಿ ಅಮೆರಿಕದ ರಾಬರ್ಟ್ ವುಡ್ ಎರಡು ಪೆಟ್ಟಿಗೆ ಮಾಡಿ, ಒಂದಕ್ಕೆ ಗಾಜು, ಇನ್ನೊಂದಕ್ಕೆ ಶಾಖದ ಕಿರಣವನ್ನು ಸಲೀಸಾಗಿ ಬಿಡುವ ಕಲ್ಲುಪ್ಪಿನ ಹಾಳೆ ಮುಚ್ಚಿ ಬಿಸಿಲಿಗಿಟ್ಟ. ಎರಡೂ ಹೆಚ್ಚುಕಡಿಮೆ ಒಂದೇ ಸಮನಾಗಿ ಕಾದವು. ಹಗಲಿನ ಬಿಸಿಗೆ ಮುಖ್ಯ ಕಾರಣ ಒಳಗಿನ ಬಿಸಿಗಾಳಿ ಹೊರಹೋಗಲು ದಾರಿ ಇಲ್ಲದಿರುವುದು. ರಾತ್ರಿ ಮಾತ್ರ ಲೆಕ್ಕ ಬೇರೆ. ಸಾದಾ ಪಾಲಿಥಿನ್ ಶಾಖದ ಕಿರಣವನ್ನು ಬಹುಪಾಲು ಬಿಟ್ಟುಕೊಡುತ್ತದೆ; ಮೋಡವಿಲ್ಲದ, ಗಾಳಿಯಿಲ್ಲದ ಜನವರಿಯ ರಾತ್ರಿ ಪಾಲಿಹೌಸಿನ ಒಳಗು ಕೆಲವೊಮ್ಮೆ ಹೊರಗಿಗಿಂತಲೂ ತಣ್ಣಗಾಗುವುದುಂಟು. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಕಾಣುವ ಹನಿಗಳೇ ಅದಕ್ಕೆ ಅಷ್ಟಿಷ್ಟು ಹೊದಿಕೆ.

ಆದ್ದರಿಂದ ಹಗಲಿನ ಕಾವನ್ನು ಎಲ್ಲಾದರೂ ಕೂಡಿಡಬೇಕು. ಚೀನದ ಲಿಯಾವ್‌ನಿಂಗ್ ಪ್ರಾಂತದ ರೈತರು 1980ರ ದಶಕದಲ್ಲಿ ಉತ್ತರಕ್ಕೆ ದಪ್ಪ ಮಣ್ಣಿನ ಗೋಡೆ ಕಟ್ಟಿ, ದಕ್ಷಿಣಕ್ಕೆ ಹಾಳೆ ಇಳಿಬಿಟ್ಟು, ಸಂಜೆಯಾದೊಡನೆ ಅದರ ಮೇಲೆ ಹುಲ್ಲಿನ ಚಾಪೆ ಉರುಳಿಸಿ, ಒಲೆಯಿಲ್ಲದೆ ಚಳಿಗಾಲದ ತರಕಾರಿ ಬೆಳೆದರು. ಲಡಾಖಿನಲ್ಲಿ ನಮ್ಮ ರಕ್ಷಣಾ ಸಂಶೋಧಕರು ಪ್ರಚಾರಕ್ಕೆ ತಂದದ್ದು ಇನ್ನೂ ಅಗ್ಗದ ಉಪಾಯ: ನೆಲದಲ್ಲಿ ಗುಂಡಿ ತೋಡಿ ಮೇಲೆ ಹಾಳೆ ಮುಚ್ಚಿ ಸೊಪ್ಪು ಬೆಳೆಯುವುದು. ಖಾನಾಪುರದಲ್ಲಿ ಗುಂಡಿ ಕೆಲಸಕ್ಕೆ ಬಾರದು. ಜೂನಿನಲ್ಲಿ ಅದು ಬಾವಿಯಾದೀತು. ಗೋಡೆ ಆದೀತು. ಇಟ್ಟಿಗೆ-ಹೆಂಚಿಗೆ ಹೆಸರಾದ ಊರು, ಕೆಂಪು ಜಂಬಿಟ್ಟಿಗೆಗೂ ಕೊರತೆಯಿಲ್ಲ. ಅದಕ್ಕಿಂತ ಸುಲಭ, ನೀರು. ಅಷ್ಟೇ ಗಾತ್ರದ ಕಲ್ಲಿಗಿಂತ ನೀರು ಸುಮಾರು ಇಮ್ಮಡಿ ಕಾವು ಹಿಡಿಯುತ್ತದೆ. ಕಪ್ಪು ಬಳಿದ 200 ಲೀಟರ್ ಡ್ರಮ್ಮಿನ ನೀರು ಸಂಜೆಯ 30 ಡಿಗ್ರಿಯಿಂದ ಬೆಳಗಿನ 20ಕ್ಕೆ ಇಳಿದರೆ ರಾತ್ರಿಯಲ್ಲಿ ಬಿಟ್ಟುಕೊಡುವ ಶಾಖ ಸುಮಾರು 2.3 ಯೂನಿಟ್ ವಿದ್ಯುತ್ತಿಗೆ ಸಮ. ಇದು ಪುಸ್ತಕದ ಲೆಕ್ಕ. ನಿಜದಲ್ಲಿ ಐದಾರು ಡಿಗ್ರಿಯ ಇಳಿತ ಸಿಕ್ಕರೆ ಸಮಾಧಾನಪಡಬೇಕು. ಹತ್ತು ಡ್ರಮ್ಮು ಸಾಲಾಗಿಟ್ಟು ಅವುಗಳ ಮೇಲೆಯೇ ಸಸಿಯ ತಟ್ಟೆಗಳನ್ನು ಜೋಡಿಸಿ, ಸಂಜೆ ಒಂದು ಹಳೆಯ ಚಾದರ ಹೊದಿಸಿದರೆ ಬೀಜಕ್ಕೆ ಬೇಕಾದಷ್ಟು ಬೆಚ್ಚಗಾಗುತ್ತದೆ. ಇಡೀ ಪಾಲಿಹೌಸನ್ನು ಕಾಯಿಸುವ ಹಂಬಲ ಇಲ್ಲಿ ಬೇಕಿಲ್ಲ. ಹಿಂದಿನವರು ಕೂಡ ಇಡೀ ಗದ್ದೆಯನ್ನು ಸುಡಲಿಲ್ಲ, ಸಸಿಮಡಿಯನ್ನಷ್ಟೇ ಸುಟ್ಟರು.

ಆ ಸುಡುವಿಕೆ ಈಗ ವಿರಳ. ಸೊಪ್ಪು ಸವರಿ ಹೊತ್ತು ತರುವ ಆಳುಗಳಿಲ್ಲ, ಕಳೆಗೆ ಔಷಧಿ ಬಂದಿದೆ, ಅಂಗಡಿಯಲ್ಲಿ ಯೂರಿಯಾ ಸಿಗುತ್ತದೆ. ಪಶ್ಚಿಮದ ಕಾಡು 2011ರಿಂದ ಭೀಮಗಡ ವನ್ಯಜೀವಿಧಾಮ. ಅಲ್ಲಿಯ ಹಳ್ಳಿಗಳವರಿಗೆ ಸೊಪ್ಪಿಗಿಂತ ದೊಡ್ಡ ಚಿಂತೆ ಊರಿನಲ್ಲಿ ಉಳಿಯುವುದೋ ಬಿಡುವುದೋ ಎಂಬುದು.

ಪಾಲಿಹೌಸಿನ ಹಾಳೆ ಮೂರು-ನಾಲ್ಕು ವರ್ಷಕ್ಕೆ ಬಿಸಿಲಿಗೆ ಜೀರ್ಣವಾಗುತ್ತದೆ, ಮುಂಗಾರಿನ ಗಾಳಿಗೆ ಹರಿಯುತ್ತದೆ. ಹರಿದದ್ದನ್ನು ಯಾರೂ ಎಸೆಯುವುದಿಲ್ಲ. ದೊಡ್ಡ ತುಂಡುಗಳು ಹುಲ್ಲಿನ ಬಣವೆಗೂ ಕಟ್ಟಿಗೆಯ ಒಟ್ಟಿಲಿಗೂ ಹೊದಿಕೆಯಾಗುತ್ತವೆ. ಸಣ್ಣ ತುಂಡುಗಳನ್ನು ಹೆಂಗಸರು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಜುಲೈ ತಿಂಗಳ ಮಳೆಯಲ್ಲಿ ಬಗ್ಗಿ ನಾಟಿ ಮಾಡುತ್ತಿರುತ್ತಾರೆ.